ಪಾಸಾದ ಹುಡುಗ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ನಮ್ಮ ತೂಬಗೆರೆಯಿಂದ ನಡೆದೇ ಹೋಗುತ್ತಿದ್ದೆವು. ಅಲ್ಲಿ ಎತ್ತನ್ನು ಪರೀಕ್ಷಿಸುವುದನ್ನು ನೋಡುವುದೆಂದರೆ ನನಗೆ ಸೋಜಿಗ. ದಲ್ಲಾಳಿ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳಿಬಿಡುತ್ತಿದ್ದ. ಅಪ್ಪ ಅದನ್ನು ನಂಬುತ್ತಿದ್ದರು. ಆದರೂ ಎತ್ತನ್ನು ಹತ್ತು ಹೆಜ್ಜೆ ನಡೆಸಿ ನೋಡದೆ ವ್ಯಾಪಾರದ ಮಾತೆತ್ತುತ್ತಿರಲಿಲ್ಲ. ಮುಂದೆ ನಾನು ಮಕ್ಕಳ ಬುದ್ಧಿ ಅಳೆಯುವ ಕೆಲಸಕ್ಕೆ ಸೇರಿದೆ. ಹೋಲಿಕೆ ಒರಟಾಯಿತು ನಿಜ, ಆದರೆ ಹಲ್ಲು ನೋಡುವುದನ್ನು ಮಾತ್ರ ಚೆನ್ನಾಗಿ ಕಲಿತೆ.

ಬೆಂಗಳೂರಿನಲ್ಲಿ ಈ ವಿದ್ಯೆಯ ತರಬೇತಿ 1955ರಲ್ಲಿಯೇ ಶುರುವಾಯಿತು. ಇಂದಿನ ನಿಮ್ಹಾನ್ಸ್ ಆಗ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ. ನಾನು ಕಲಿತದ್ದು ಬೇರೆ ಕಡೆ, ಬಹಳ ವರ್ಷಗಳ ಮೇಲೆ. ಪಾಠ ಮಾತ್ರ ಎಲ್ಲೆಡೆಯೂ ಒಂದೇ. ಪ್ರಶ್ನೆಯನ್ನು ಕೈಪಿಡಿಯಲ್ಲಿದ್ದ ಹಾಗೆಯೇ ಕೇಳಬೇಕು. ಉತ್ತರ ಸರಿಯೋ ತಪ್ಪೋ ನಮ್ಮ ಮುಖದಲ್ಲಿ ಕಾಣಬಾರದು. ‘ಭೇಷ್’ ಅನ್ನಬಾರದು. ಗುರುತಿನವರ ಮಕ್ಕಳನ್ನು ಅಳೆಯಬಾರದು. ಇದೆಲ್ಲ ನನಗೆ ಆಗ ಕಲ್ಲೆದೆಯ ಶಿಸ್ತಿನಂತೆ ಕಾಣುತ್ತಿತ್ತು.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮೂರಿನ ಹೆಣ್ಣುಮಗಳೊಬ್ಬಳು ಹತ್ತು ವರ್ಷದ ಮಗನನ್ನು ಕರೆದುಕೊಂಡು ನಾನಿದ್ದ ಆಸ್ಪತ್ರೆಗೆ ಬಂದಳು. ದೊಡ್ಡಬಳ್ಳಾಪುರದ ಮಗ್ಗದ ಮನೆಯೊಂದರಲ್ಲಿ ಅವಳ ಕೆಲಸ. ಹುಡುಗನಿಗೆ ಸರ್ಟಿಫಿಕೇಟ್ ಬೇಕಿತ್ತು. ಊರಿನವರೆಂಬ ಸಲಿಗೆಗೆ ಕಟ್ಟುಬಿದ್ದು ನಾನೇ ಪರೀಕ್ಷೆಗೆ ಕೂತೆ.

ನಮ್ಮಲ್ಲಿ ಬಳಕೆಯಲ್ಲಿದ್ದದ್ದು ಬಿನೆ-ಕಾಮತ್ ಪರೀಕ್ಷೆ. ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದು ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ 1905ರಲ್ಲಿ ಪ್ಯಾರಿಸ್ಸಿನಲ್ಲಿ ಮಾಡಿದ ಅಳತೆಗೋಲನ್ನು ವಿ. ವಿ. ಕಾಮತ್ ಅವರು ಮರಾಠಿ ಮತ್ತು ಕನ್ನಡ ಮಕ್ಕಳಿಗೆ ಹೊಂದಿಸಿದ್ದು. ಅವರ ಪುಸ್ತಕ 1940ರದು. ಅದರ ಪ್ರಶ್ನೆಗಳನ್ನು ಬಯಲಿಗಿಡುವಂತಿಲ್ಲ. ಅದೇ ಜಾತಿಯ ಬೇರೊಂದನ್ನು ಹೇಳುತ್ತೇನೆ: ಎತ್ತಿಗೂ ಎಮ್ಮೆಗೂ ಏನು ಹೋಲಿಕೆ?

“ಎತ್ತು ಉಳ್ತದೆ, ಎಮ್ಮೆ ಹಾಲ್ ಕೊಡ್ತದೆ. ಎಲ್ಡೂ ಒಂದೇ ಹೆಂಗಾಯ್ತದೆ ಮಾಮ?”

ಪುಸ್ತಕದ ಪ್ರಕಾರ ಇದು ತಪ್ಪು. ಆದರೆ ರಷ್ಯದ ಮನೋವಿಜ್ಞಾನಿ ಲೂರಿಯಾ 1931-32ರಲ್ಲಿ ಉಜ್ಬೆಕಿಸ್ತಾನದ ರೈತರನ್ನು ಇಂಥದ್ದನ್ನೇ ಕೇಳಿದ್ದ. ಗರಗಸ, ಕೊಡಲಿ, ಸುತ್ತಿಗೆ, ಮರದ ದಿಮ್ಮಿ, ಇವುಗಳಲ್ಲಿ ಗುಂಪಿಗೆ ಸೇರದ್ದು ಯಾವುದು ಎಂದರೆ ದಿಮ್ಮಿಯನ್ನು ಬಿಟ್ಟುಕೊಡಲು ಅವರು ಒಪ್ಪಲಿಲ್ಲ. ದಿಮ್ಮಿಯಿಲ್ಲದೆ ಗರಗಸಕ್ಕೇನು ಕೆಲಸ? ಅವರು ದಡ್ಡರಲ್ಲ, ಶಾಲೆ ಕಂಡವರಲ್ಲ. ಈ ಓದು ನನ್ನ ತಲೆಯಲ್ಲಿತ್ತು. ಕೈಪಿಡಿಯಲ್ಲಿಲ್ಲದ ಮಾತನ್ನು ಕೇಳಿಬಿಟ್ಟೆ: “ಎರಡನ್ನೂ ಜಾತ್ರೆಗೆ ಹೊಡ್ಕೊಂಡು ಹೋಗ್ತಾರಲ್ಲ ಮರಿ, ಯಾಕೆ?” ಹುಡುಗನ ಮುಖ ಅರಳಿತು. “ದನ ಅಲ್ವಾ!” ನಾನು ಸರಿ ಎಂದು ಗುರುತು ಹಾಕಿದೆ.

ಲೆಕ್ಕ ನೋಡಿ. ಹತ್ತು ವರ್ಷ ಎಂದರೆ 120 ತಿಂಗಳು. ಆ ಒಂದು ಉತ್ತರದ ಬೆಲೆ 2 ತಿಂಗಳು. ಅದಿಲ್ಲದೆ ಅವನ ಮಾನಸಿಕ ವಯಸ್ಸು 82 ತಿಂಗಳು, ಬುದ್ಧಿಲಬ್ಧ 68. ಅದು ಸೇರಿ 84 ತಿಂಗಳು, ಬುದ್ಧಿಲಬ್ಧ 70. ಆಗಿನ ಸರ್ಕಾರಿ ಸೂಚನೆಯಂತೆ 69ರವರೆಗೆ ಶೇಕಡ 50ರಷ್ಟು ವೈಕಲ್ಯ; 70 ಆದರೆ ಶೇಕಡ 25. ಶೇಕಡ 40 ಇಲ್ಲದವರು 1995ರ ಕಾಯ್ದೆಯ ಸವಲತ್ತಿಗೆ ಹೊರಗು.

“ಪಾಸಾದ್ನಾ ಅಣ್ಣ?” ಎಂದಳು ತಾಯಿ. ಮಗ ಗೆದ್ದನೆಂದು ಅವಳು ನಕ್ಕಾಗ ನಾನೂ ನಕ್ಕೆ.

ಶಿಸ್ತು ಯಾರನ್ನು ಕಾಯುತ್ತದೆ ಎಂಬುದು ನನಗೆ ಹೊಳೆದದ್ದು ಆಮೇಲೆ. ನನ್ನ ಕರುಣೆ ಅವನಿಗೆ ಎರಡು ತಿಂಗಳ ಬುದ್ಧಿ ಕೊಟ್ಟು ಮಾಸಾಶನವನ್ನು ಕಿತ್ತುಕೊಂಡಿತ್ತು. ಹಾಗೆಂದು ಕೈಪಿಡಿಯಂತೆ ನಡೆದಿದ್ದರೆ ಸತ್ಯ ಸಿಕ್ಕುತ್ತಿತ್ತೆ? ಅದನ್ನೂ ಹೇಳಲಾರೆ. ತಲೆಮಾರು ಕಳೆದಂತೆ ಮಕ್ಕಳ ಅಂಕ ಏರುತ್ತದೆಂದು ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದ್ದರು. ಅಮೆರಿಕದಲ್ಲಿ ಹತ್ತು ವರ್ಷಕ್ಕೆ ಸುಮಾರು 3 ಅಂಕ. ಅಂದರೆ ಹಳೆಯ ಗೋಲಿನಿಂದ ಅಳೆದರೆ ಇಂದಿನ ಮಗು ಇರುವುದಕ್ಕಿಂತ ಎತ್ತರವಾಗಿ ಕಾಣುತ್ತದೆ. ನಮ್ಮ ಗೋಲಿಗೆ ಅರವತ್ತು ವರ್ಷ ದಾಟಿತ್ತು. ಗೋಲು ಸವೆದಿದೆಯೆಂದು ತಿಳಿದಿದ್ದರೆ ವರದಿಯಲ್ಲಿ ಹಾಗೆಂದು ಬರೆಯಬೇಕು. ಮೇಜಿನ ಮೇಲೆ ಕೈಯಾರೆ ಸರಿಪಡಿಸಹೋಗಬಾರದು. ನಾನು ಇದಕ್ಕೆ ತಿರುವುಮುರುವಾಗಿ ನಡೆದಿದ್ದೆ.

ಆರು ತಿಂಗಳ ಮೇಲೆ ಅವಳು ಮತ್ತೆ ಬಂದಳು. “ಇನ್ನೊಂದ್ಸಲ ಮಾಡಣ್ಣ. ಈ ಸಲ ಫೇಲಾಗಂಗೆ ಹೇಳ್ಕೊಟ್ಟಿವ್ನಿ.”

ಹುಡುಗ ಎಲ್ಲದಕ್ಕೂ “ಗೊತ್ತಿಲ್ಲ” ಎನ್ನುತ್ತಾ ಬಾಗಿಲ ಕಡೆ ನೋಡುತ್ತಿದ್ದ. ಎತ್ತು ಎಮ್ಮೆಯ ಪ್ರಶ್ನೆ ಬಂದಾಗ ಮಾತ್ರ ತಡೆಯಲಾಗಲಿಲ್ಲ. “ದನ ಮಾಮ, ಜಾತ್ರೆಗೆ ಹೊಡ್ಕೊಂಡೋಯ್ತಾರೆ!” ಎಂದು ನನ್ನ ಮುಖ ನೋಡಿದ.

ಅಂದು ಸಂಜೆ ವರದಿ ಬರೆದೆ: ಎರಡು ಸಲದ ಫಲಿತಾಂಶವನ್ನೂ ನಂಬಬಾರದು, ಮೊದಲ ಸಲ ನಾನೇ ಸುಳಿವು ಕೊಟ್ಟಿದ್ದೆ, ಮನೆಗೆ ಹೋಗಿ ಅವನ ದಿನಚರಿ ನೋಡಿಬಂದು ಬೇರೊಬ್ಬರು ಬೇರೆ ಪರೀಕ್ಷೆಯಿಂದ ಅಳೆಯಲಿ ಎಂದು. ಹಿರಿಯರೊಬ್ಬರು ಅದನ್ನು ಓದಿ, ಮೊದಲ ಸಂಗತಿಯನ್ನು ಬರೆಯದಿದ್ದರೂ ಆಗುತ್ತಿತ್ತಲ್ಲ ಎಂದರು. ಸರ್ಟಿಫಿಕೇಟ್ ಬಂತು, ಮತ್ತೆ ಎಂಟು ತಿಂಗಳಾದ ಮೇಲೆ. ಅಲ್ಲಿಯವರೆಗಿನ ಮಾಸಾಶನ ಅವರಿಗೆ ಸಿಗಲಿಲ್ಲ.