ಅದ್ಭುತಕಥೆಗೆ ನಾಯಕನಾರು?

ಲಕ್ಷ್ಮೀಶನ ದೇವಪುರವು ಕಡೂರು ಸೀಮೆಯ ದೇವನೂರೋ ಸುರಪುರ ಸೀಮೆಯ ದೇವಪುರವೋ ಎಂಬ ವಿವಾದವು ಪಂಡಿತರಲ್ಲಿ ಇನ್ನೂ ತೀರಿದುದಲ್ಲ. ಶಹಾಪುರದವರು ಯಾವ ಪಕ್ಷವನ್ನು ಹಿಡಿಯುವರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಿರಲಿ, ಆ ಕವಿಯ ಜೈಮಿನಿಭಾರತದಲ್ಲಿ ಇದಕ್ಕಿಂತಲೂ ವಿಚಾರಾರ್ಹವಾದ ಸಂಶಯವೊಂದುಂಟು: ಆ ಕಾವ್ಯಕ್ಕೆ ನಾಯಕನಾರು?

ಕಥೆಯ ಫಲಕ್ಕೆ ಒಡೆಯನಾದವನೇ ಅಧಿಕಾರಿಯೆಂದು ಧನಂಜಯನ ದಶರೂಪಕವು ಹೇಳುವುದು. ನಾಟಕಕ್ಕಾಗಿ ಹೇಳಿದ ಈ ಲಕ್ಷಣವನ್ನು ಇಲ್ಲಿಗೆ ತಂದರೆ, ಅಶ್ವಮೇಧದ ಫಲವು ಯಜಮಾನನಾದ ಧರ್ಮರಾಯನದು. ಆತನಾದರೋ ಹಸ್ತಿನಾವತಿಯಲ್ಲಿಯೇ ಉಳಿದವನು. ಕುದುರೆಯ ಬೆಂಬಳಿಯಲ್ಲಿ ಅಲೆದವನು ಅರ್ಜುನ. ಇಕ್ಕಟ್ಟಿನಲ್ಲಿ ಕಾಯ್ದವನು ಶ್ರೀಕೃಷ್ಣ. ಹೀಗಿರಲು ಧೀರೋದಾತ್ತನೆಂದು ಯಾರನ್ನು ಬೆರಳಿಟ್ಟು ತೋರಿಸುವುದು? ಈ ತೊಡಕು ಕನ್ನಡ ಕವಿಯೊಬ್ಬನದೇ ಅಲ್ಲ. ಟೋಲ್ಕಿನ್ ಎಂಬ ಆಂಗ್ಲ ವಿದ್ವಾಂಸನು 1954–55ರಲ್ಲಿ ಪ್ರಕಟಿಸಿದ ಅದ್ಭುತಕಥೆಯಲ್ಲಿ ಮಾಯೆಯ ಉಂಗುರವನ್ನು ಬೆಂಕಿಯ ಬೆಟ್ಟದವರೆಗೆ ಹೊತ್ತವನು ಫ್ರೋಡೋ ಎಂಬ ಕುಳ್ಳನು. ಕಡೆಯ ಗಳಿಗೆಯಲ್ಲಿ ಅದನ್ನು ತೊರೆಯಲಾರದೆ ಸೋಲುವವನೂ ಅವನೇ. ಕಿರೀಟವು ಅರಾಗಾರ್ನನಿಗೆ.

ಓದುವವರ ಮನಸ್ಸು ಯಾರಿಗೆ ಒಲಿಯುವುದೆಂಬುದು ಬೇರೆಯೇ ಮಾತು. ಹಂಸಧ್ವಜನ ಮಗ ಸುಧನ್ವನು ಸತಿಯ ಕೋರಿಕೆಗೆ ಮಣಿದು ರಣಕ್ಕೆ ತಡವಾಗಿ ಬಂದನು. ತಂದೆಯ ಕಟ್ಟಳೆಯಂತೆ ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಬಿದ್ದು, ಹರಿಸ್ಮರಣೆಯಿಂದ ಬೇಯದೆ ಎದ್ದುಬಂದು, ಆ ಹರಿಯೇ ಸಾರಥಿಯಾಗಿ ನಿಂತ ಅರ್ಜುನನೊಡನೆ ಕಾದಿ ಮಡಿದನು. ಲಕ್ಷಣದ ಪ್ರಕಾರ ಇವನು ಪ್ರತಿಪಕ್ಷದವನು. ಆದರೂ ಗಮಕಿಯು ಈ ಸಂಧಿಯನ್ನು ವಾಚಿಸುವಾಗ ಕಣ್ಣೊರಸಿಕೊಳ್ಳುವವರು ಅರ್ಜುನನಿಗಾಗಿ ಒರಸಿಕೊಳ್ಳುವುದಿಲ್ಲ.

ಶತ್ರುವಿನ ವಂಶ ವೀರ್ಯ ವಿದ್ಯೆಗಳನ್ನು ಮೊದಲು ಹೊಗಳಿ, ಅಂಥವನನ್ನು ಗೆದ್ದವನೆಂದು ನಾಯಕನನ್ನು ಮೇಲೆತ್ತುವ ಮಾರ್ಗವು ದಂಡಿಗೆ ಸಮ್ಮತ. ಆ ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ ಕವಿರಾಜಮಾರ್ಗವು ಕ್ರಿ.ಶ. 850ರ ಸುಮಾರಿಗೆ ಹುಟ್ಟಿದುದು ಮಾನ್ಯಖೇಟದ ಆಸ್ಥಾನದಲ್ಲಿ. ಇಂದಿನ ಆ ಮಳಖೇಡವು ಶಹಾಪುರಕ್ಕೆ ಬಹುದೂರದ್ದಲ್ಲ. ಆದರೆ ಈ ಮಾರ್ಗದಲ್ಲಿ ವೈರಿಯ ಗುಣವು ಗೆದ್ದವನ ಆಭರಣವಾಗಿಬಿಡುವುದು. ಲಕ್ಷ್ಮೀಶನಲ್ಲಿ ಹಾಗಾಗುವುದಿಲ್ಲ. ಕುದುರೆಯನ್ನೊಪ್ಪಿಸಿ ಶರಣೆಂದ ಮಗ ಬಭ್ರುವಾಹನನನ್ನು ಅರ್ಜುನನು ಹುಟ್ಟನ್ನೆತ್ತಿ ಹಳಿಯುವನು. ಆ ಮಗನ ಬಾಣಕ್ಕೇ ತಲೆಗೊಡುವನು. ಪಾತಾಳದ ಸಂಜೀವಕಮಣಿಯಿಂದ ಮರಳಿ ಏಳುವನು. ಅದ್ಭುತರಸಕ್ಕೆ ವಿಸ್ಮಯವೇ ಸ್ಥಾಯಿಯೆಂಬುದು ಸರಿಯೇ. ಇಲ್ಲಿ ಮಾತ್ರ ಆ ಮಣಿಯು ಬೆರಗಿಗಾಗಿ ಬಂದುದಲ್ಲ, ತಪ್ಪಿದ ತಂದೆಯನ್ನು ಜೀವಸಹಿತ ಮಗನೆದುರು ನಿಲ್ಲಿಸುವುದಕ್ಕಾಗಿ ಬಂದುದು. ಇದನ್ನು ವೀರಕಾವ್ಯವೆನ್ನಬೇಕೋ ಅದ್ಭುತವೆನ್ನಬೇಕೋ ಎಂಬ ಚರ್ಚೆ ಅಷ್ಟು ಮುಖ್ಯವಲ್ಲ. ಕಥೆ, ಆಖ್ಯಾಯಿಕೆಗಳೆರಡೂ ಒಂದೇ ಜಾತಿ, ಹೆಸರು ಮಾತ್ರ ಎರಡೆಂದು ದಂಡಿಯೇ ಇಂಥ ವಾದವನ್ನು ತಳ್ಳಿಹಾಕಿರುವನು.

ಮಕ್ಕಳ ಪ್ರಶ್ನೆಯನ್ನು ಹಾಗೆ ತಳ್ಳಿಹಾಕುವಂತಿಲ್ಲ. ತಪ್ಪು ಮಾಡಿದ ಅರ್ಜುನನನ್ನು ಮಣಿಯಿಟ್ಟು ಬದುಕಿಸಿದರು, ಸುಧನ್ವನನ್ನೇಕೆ ಬದುಕಿಸಲಿಲ್ಲವೆಂದು ಅವು ಕೇಳುವುವು. ಅವನಿಗೆ ಸಾಯುಜ್ಯವೇ ದೊರೆಯಿತೆಂದು ಹಿರಿಯರು ಉತ್ತರ ಕೊಡುವರು. ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಅದನ್ನೇ ಕೇಳುವುವು.