ಬಾರದ ಮಳೆ ಸುಳ್ಳಾಯಿತೇ?



ಮಾರ್ಚ್ ತಿಂಗಳ ಒಂದು ಸಂಜೆ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ನನ್ನನ್ನು ಕಾಣಲು ಬಂದರು. ಅವರು ನಮ್ಮ ಧರ್ಮಕೇಂದ್ರಕ್ಕೆ ಸೇರಿದವರಲ್ಲ. ಅವರ ಮಕ್ಕಳು ಇಲ್ಲಿಯ ಶಾಲೆಯಲ್ಲಿ ಓದುತ್ತಾರೆ, ಅಷ್ಟೇ ಪರಿಚಯ. ಕುರ್ಚಿಯಲ್ಲಿ ಕುಳಿತವರೇ ಕೇಳಿದರು: "ಫಾದರ್, ಸುಳ್ಳು ಹೇಳೂದು ಪಾಪ ಅಂತ ನೀವು ಹುಡುಗರಿಗೆ ಕಲಸ್ತೀರಿ. ಮಳಿ ಬರ್ತೈತಿ ಅಂತ ಹೇಳಿ ಮಳಿ ಬರಲಿಲ್ಲಂದ್ರ ಅದು ಯಾರ ಪಾಪರೀ?"

ವಿಷಯ ಇಷ್ಟು. ಕೊಯ್ದ ದ್ರಾಕ್ಷಿ ಗೊಂಚಲುಗಳನ್ನು ಪೊಟ್ಯಾಷ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿದ್ದರು. ಒಣದ್ರಾಕ್ಷಿಯಾಗಲು ಎರಡು ವಾರವಾದರೂ ಬೇಕು. ನಡುವೆ ಒಂದು ದಿನ ಮೊಬೈಲಿಗೆ ಸಂದೇಶ ಬಂತು: ಗುಡುಗು ಸಹಿತ ಮಳೆ. ರಾತ್ರೋರಾತ್ರಿ ಆಳುಗಳನ್ನು ಕರೆಸಿ, ತಾಡಪತ್ರಿ ಬಾಡಿಗೆ ತಂದು ಶೆಡ್ಡಿನ ಸುತ್ತ ಕಟ್ಟಿಸಿದರು. ಒಂದು ಹನಿಯೂ ಬೀಳಲಿಲ್ಲ. ಅದೇ ರಾತ್ರಿ ಬಬಲೇಶ್ವರದ ಹತ್ತಿರ ಚೆನ್ನಾಗಿ ಸುರಿದಿತ್ತು. ಒಂಬತ್ತು ದಿನಗಳ ಮೇಲೆ ಮತ್ತೆ ಅದೇ ಸಂದೇಶ ಬಂದಾಗ ಇವರು ನಕ್ಕು ಮಲಗಿದರು. ಅಂದು ಗಾಳಿಯೊಂದಿಗೆ ಬಂದ ಮಳೆ ಶೆಡ್ಡಿನೊಳಗೇ ನುಗ್ಗಿತು. ಹಸಿರು ಮಾಲು ಕಪ್ಪಾಯಿತು. ತಾಸಗಾಂವ ಪೇಟೆಯಲ್ಲಿ ಅದಕ್ಕೆ ಏನು ಬೆಲೆ ಕೇಳಿದರೆಂದು ಹೇಳಲು ಅವರಿಗೆ ಮನಸ್ಸಿರಲಿಲ್ಲ. ನಾನು ಚಹಾ ಕೊಟ್ಟೆ. ಉತ್ತರ ಕೊಡಲಾಗಲಿಲ್ಲ.

ಗುರುಮಠದಲ್ಲಿ ನಾವು ಕಲಿತ ಪ್ರಕಾರ, ಸುಳ್ಳೆಂದರೆ ತಪ್ಪು ಮಾತಲ್ಲ, ಮನಸ್ಸಿನಲ್ಲಿರುವುದಕ್ಕೆ ವಿರುದ್ಧವಾಗಿ ಆಡಿದ ಮಾತು. ಸಂತ ಅಗಸ್ಟೀನರೂ ಸಂತ ಥಾಮಸ್ ಅಕ್ವಿನಾಸರೂ ಇದನ್ನು ಒಪ್ಪುತ್ತಾರೆ. ಮಳೆ ಬರಬಹುದೆಂದು ಪ್ರಾಮಾಣಿಕವಾಗಿ ತಿಳಿದು ಹಾಗೆ ಹೇಳಿದವನು, ಮಳೆ ಬಾರದಿದ್ದರೂ ಸುಳ್ಳುಗಾರನಲ್ಲ. ಆದರೆ ನಷ್ಟ ಅನುಭವಿಸಿದವನ ಮುಂದೆ ಈ ವ್ಯಾಖ್ಯೆಯನ್ನು ಇಟ್ಟು ಎದ್ದುಹೋಗುವುದು ಸುಲಭದ ಕೆಲಸ. ಹವಾಮಾನ ಹೇಳುವವರಿಗೆ ನಿಜವಾಗಿ ಏನು ಗೊತ್ತಿರುತ್ತದೆ ಎಂಬುದನ್ನು ಮೊದಲು ನೋಡಬೇಕು.

1961ರಲ್ಲಿ ಅಮೆರಿಕದ ಎಡ್ವರ್ಡ್ ಲೊರೆಂಝ್ ಎಂಬ ವಿಜ್ಞಾನಿ ತಮ್ಮ ಗಣಕಯಂತ್ರಕ್ಕೆ 0.506127 ಎಂಬ ಸಂಖ್ಯೆಯ ಬದಲು 0.506 ಎಂದು ಕೊಟ್ಟು ಕಾಫಿಗೆ ಹೋದರಂತೆ. ಮರಳಿ ಬಂದು ನೋಡಿದರೆ, ಯಂತ್ರ ಬರೆದ ಹವಾಮಾನ ಮೊದಲಿನದಕ್ಕೆ ಸಂಬಂಧವೇ ಇಲ್ಲದಂತೆ ಬದಲಾಗಿತ್ತು. ಆರಂಭದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೆ ಕೊನೆಯಲ್ಲಿ ಬಿಸಿಲಿನ ಜಾಗದಲ್ಲಿ ಬಿರುಗಾಳಿ. ಈ ಕಾರಣದಿಂದಲೇ ಎರಡು ವಾರಗಳಾಚೆಗೆ ದಿನದಿನದ ಹವಾಮಾನ ಹೇಳುವುದು ಅಸಾಧ್ಯವೆನ್ನುವಷ್ಟು ಕಷ್ಟ. ಇನ್ನೊಂದು ತೊಡಕೂ ಇದೆ. ಗಣಕಯಂತ್ರ ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಸಿದ್ಧಪಡಿಸಿ 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ 'ಭಾರತ್' ಮುನ್ಸೂಚನಾ ವ್ಯವಸ್ಥೆಯಲ್ಲಿ ಒಂದು ಚೌಕದ ಬದಿ 6 ಕಿ.ಮೀ. ಅದಕ್ಕೆ ಮೊದಲು 12 ಕಿ.ಮೀ. ಇತ್ತು. ಬೇಸಿಗೆಯ ಗುಡುಗಿನ ಮೋಡ ಕೆಲವೇ ಕಿಲೋಮೀಟರಿನದು. ಅದು ತಿಕೋಟಾದ ಮೇಲೆ ಒಡೆಯುತ್ತದೋ ಬಬಲೇಶ್ವರದ ಮೇಲೋ ಎಂದು ಹಿಂದಿನ ದಿನವೇ ಆಣೆ ಮಾಡಿ ಹೇಳಬಲ್ಲವರು ಯಾರೂ ಇಲ್ಲ. ಅವರಿಗೆ ಗೊತ್ತಿರುವುದು ಇಷ್ಟೇ: ಇಂಥ ಹತ್ತು ದಿನಗಳಲ್ಲಿ ಇಷ್ಟು ದಿನ ಮಳೆಯಾಗುತ್ತದೆ.

ನನ್ನ ಆಕ್ಷೇಪ ಇಲ್ಲಿಂದ ಶುರು. ವಿಜ್ಞಾನಿಯ ಮೇಜಿನ ಮೇಲೆ 'ಹತ್ತರಲ್ಲಿ ನಾಲ್ಕು' ಎಂದಿದ್ದದ್ದು, ಕೈಯಿಂದ ಕೈಗೆ ದಾಟುತ್ತಾ ರೈತನ ಮೊಬೈಲಿಗೆ ಬರುವಾಗ 'ಮಳೆ' ಎಂಬ ಒಂದೇ ಪದವಾಗಿರುತ್ತದೆ. ಟಿ.ವಿ. ಪರದೆಗೆ ಬರುವಾಗ ಕೆಂಪು ಅಕ್ಷರದ ಪ್ರಳಯವಾಗಿರುತ್ತದೆ. ತನಗೆ ಅನುಮಾನವಿದ್ದರೂ ಅನುಮಾನವೇ ಇಲ್ಲದವನಂತೆ ಮಾತಾಡುವುದು ಮನಸ್ಸಿಗೆ ವಿರುದ್ಧವಾದ ಮಾತೇ ತಾನೆ? ಹಾಗಾದರೆ ಅಕ್ವಿನಾಸರ ಅಳತೆಯಲ್ಲೇ ಅದು ಸುಳ್ಳಿನ ಸಮೀಪ ಬಂತು. ಮಳೆ ಬಂದರೂ ಕೂಡ!

ನಾನು ಕಡಲ ದಂಡೆಯಲ್ಲಿ ಹುಟ್ಟಿದವನು. ಚಂಡಮಾರುತ ಎಂದರೆ ಕಡಲಿನವರ ಕಷ್ಟ ಎಂದೇ ತಿಳಿದಿದ್ದೆ. ವಿಜಯಪುರಕ್ಕೆ ಬಂದ ಮೇಲೆ ತಪ್ಪು ತಿಳಿಯಿತು. 2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಕಾಕಿನಾಡದ ಬಳಿ ದಡ ಸೇರಿ, ತೆಲಂಗಾಣ ದಾಟಿ ನಮ್ಮ ಸೀಮೆಯ ಮೇಲೆ ಹಾದುಹೋಯಿತು. ಭೀಮಾ ತೀರದ ಹಳ್ಳಿಗಳು ನೀರಿನಲ್ಲಿ ನಿಂತವು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದ ಮಳೆಯನ್ನು ಇಲ್ಲಿಯ ಹಿರಿಯರು ಇಂದಿಗೂ ಮರೆತಿಲ್ಲ. ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಇಲ್ಲಿಯ ಮನೆಗಳದ್ದು ಮಣ್ಣಿನ ಮಾಳಿಗೆ. ನಾಲ್ಕು ದಿನ ಬಿಡದೆ ಸುರಿದರೆ ಮಾಳಿಗೆ ನೀರು ಕುಡಿದು ಭಾರವಾಗಿ, ಮಲಗಿದವರ ಮೇಲೆ ಕೂರುತ್ತದೆ.

ಮಾಳಿಗೆಯ ಕೆಳಗೆ ಮಲಗಿದ ಅಜ್ಜಿಯ ವಿಷಯ ಬೇರೆ, ಶೆಡ್ಡಿನಲ್ಲಿ ಒಣಗುವ ದ್ರಾಕ್ಷಿಯ ವಿಷಯ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನೈತಿಕ ದೈವಶಾಸ್ತ್ರದ ಹಳೆಯ ಪಠ್ಯಗಳಲ್ಲಿ ಒಬ್ಬ ಬೇಟೆಗಾರ ಬರುತ್ತಾನೆ. ಪೊದೆಯ ಹಿಂದೆ ಏನೋ ಅಲುಗಾಡಿತು. ಜಿಂಕೆಯೇ ಇರಬಹುದು, ಮನುಷ್ಯನೂ ಇರಬಹುದು. ಜಿಂಕೆಯಾಗಿರುವ ಸಂಭವವೇ ಹೆಚ್ಚಾದರೂ ಅವನು ಗುಂಡು ಹಾರಿಸುವಂತಿಲ್ಲ. ಇನ್ನೊಬ್ಬರ ಜೀವ ಪಣಕ್ಕಿರುವಾಗ ಸಂದೇಹದ ಲಾಭ ಜೀವಕ್ಕೆ ಸಲ್ಲಬೇಕು. 17ನೇ ಶತಮಾನದಲ್ಲಿ 'ಸಂಭವನೀಯ ಅಭಿಪ್ರಾಯ'ದ ಬಗ್ಗೆ ನಮ್ಮ ಶಾಸ್ತ್ರಿಗಳು ಎಷ್ಟೋ ಜಗಳವಾಡಿದರು. ಆದರೂ ಈ ಒಂದು ಮಾತನ್ನು ಬಿಟ್ಟುಕೊಡಲಿಲ್ಲ.

2017ರ ನವೆಂಬರ್ 30ರಂದು ಒಖಿ ಚಂಡಮಾರುತ ಕನ್ಯಾಕುಮಾರಿಯ ಬಳಿ ಒಮ್ಮೆಲೇ ಬಲಗೊಂಡಿತು. ವಾಯುಭಾರ ಕುಸಿತವಾದ ಮರುದಿನವೇ ಅದು ಚಂಡಮಾರುತವಾಗಿತ್ತು. ಅಷ್ಟರಲ್ಲಿ ನೂರಾರು ದೋಣಿಗಳು ದೂರದ ಕಡಲಿಗೆ ಹೋಗಿಯಾಗಿತ್ತು. ತಮಿಳುನಾಡು ಮತ್ತು ಕೇರಳದ ನೂರಾರು ಮೀನುಗಾರರು ಹಿಂದಿರುಗಲಿಲ್ಲ. ಅವರಲ್ಲಿ ಹೆಚ್ಚಿನವರು ನಮ್ಮ ಕಥೋಲಿಕ ಕುಟುಂಬದವರೇ. ಎಚ್ಚರಿಕೆ ತಡವಾಯಿತೇ, ತಲುಪಲಿಲ್ಲವೇ ಎಂಬ ವಾದ ಬಹುಕಾಲ ನಡೆಯಿತು. ಮಗ್ಗುಲಿಗೆ ಇನ್ನೊಂದು ಚಿತ್ರವನ್ನು ಇಟ್ಟು ನೋಡಿ. 1999ರ ಅಕ್ಟೋಬರದಲ್ಲಿ ಒಡಿಶಾದ ಮಹಾ ಚಂಡಮಾರುತ ಸುಮಾರು 10,000 ಜನರನ್ನು ಕೊಂದಿತು. 2013ರ ಅಕ್ಟೋಬರದಲ್ಲಿ ಅದೇ ತೀರಕ್ಕೆ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರು. ಸತ್ತವರು ಐವತ್ತಕ್ಕಿಂತ ಕಡಿಮೆ. ಆ ಹತ್ತು ಲಕ್ಷದಲ್ಲಿ ಎಷ್ಟೋ ಜನ ಮನೆಗೆ ಮರಳಿ, ಗೋಡೆ ನಿಂತಿರುವುದನ್ನು ಕಂಡು, "ಸುಮ್ಮನೆ ಓಡಿಸಿದರು" ಎಂದು ಗೊಣಗಿರಲೂಬಹುದು. ಪ್ರವಾದಿ ಯೋನನ ಪಾಡೂ ಇದೇ. ನಿನೆವೆ ನಾಶವಾಗುತ್ತದೆ ಎಂದು ಸಾರಿದ. ಜನ ಕೇಳಿದರು, ಹಾಗಾಗಿ ನಾಶವಾಗಲಿಲ್ಲ. ಮಾತು ಸುಳ್ಳಾಯಿತೆಂದು ಅವನು ಊರ ಹೊರಗೆ ಮುನಿಸಿಕೊಂಡು ಕುಳಿತ. ಹವಾಮಾನ ಇಲಾಖೆಯವರು ಯೋನನ ಪುಸ್ತಕ ಓದಿದರೆ ಅವರಿಗೆ ಸ್ವಲ್ಪ ಸಮಾಧಾನವಾದೀತು!

ಇನ್ನು ದ್ರಾಕ್ಷಿಯ ಲೆಕ್ಕ. ಇಲ್ಲಿ ಪಣಕ್ಕಿರುವುದು ಹಣ, ಅದೂ ರೈತನ ಸ್ವಂತ ಹಣ. ತೀರ್ಮಾನವೂ ಅವನದೇ ಆಗಬೇಕು. ತಾಡಪತ್ರಿ ಕಟ್ಟಲು 5,000 ರೂಪಾಯಿ ಖರ್ಚು, ಮಾಲು ನೆನೆದರೆ 50,000 ರೂಪಾಯಿ ನಷ್ಟ ಎಂದಿಟ್ಟುಕೊಳ್ಳಿ. ಮಳೆಯ ಸಂಭವ ಹತ್ತರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಕಟ್ಟುವುದೇ ಲೇಸು. ಅಂದರೆ ಹತ್ತರಲ್ಲಿ ಎರಡು ಸಲ ಮಾತ್ರ ನಿಜವಾಗುವ ಎಚ್ಚರಿಕೆಯನ್ನೂ ಅವನು ಪಾಲಿಸಬೇಕು. ಎಂಟು ಸಲ 'ಮೋಸ' ಹೋದರೂ ವರ್ಷದ ಕೊನೆಗೆ ಅವನೇ ಗೆದ್ದಿರುತ್ತಾನೆ. ಆದರೆ ಈ ಲೆಕ್ಕಕ್ಕೆ ಎರಡು ಸಂಗತಿ ಬೇಕು: ಆ ಹತ್ತರಲ್ಲಿ ಎಷ್ಟು ಎಂಬುದನ್ನು ಯಾರಾದರೂ ಮುಚ್ಚಿಡದೆ ಹೇಳಬೇಕು, ಮತ್ತು ಎಂಟು ಸಲ ಖರ್ಚು ಮಾಡಿ ಕಾಯುವ ಶಕ್ತಿ ಅವನಿಗಿರಬೇಕು.

ಎರಡನೆಯದನ್ನು ಯಾರೂ ಮಾತಾಡುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಅದೇ. ಕಡಲಿಗೆ ಇಳಿಯಬೇಡಿ ಎಂಬ ಪ್ರತಿ ಎಚ್ಚರಿಕೆಯೂ ಮೀನುಗಾರನ ಒಲೆಯಿಂದ ಒಂದು ದಿನದ ಅನ್ನವನ್ನು ತೆಗೆಯುತ್ತದೆ. ಪಾಲಿಗೆ ತೋಟ ಮಾಡಿದವನಿಗೆ ತಿಂಗಳಲ್ಲಿ ಮೂರು ಸಲ 5,000 ಎಲ್ಲಿಂದ ಬರಬೇಕು? ಎಚ್ಚರಿಕೆ ಕೊಟ್ಟವನಿಗೆ ಖರ್ಚಿಲ್ಲ, ಕೇಳಿದವನಿಗೆ ಮಾತ್ರ ಖರ್ಚು. ಬಡವನು ಎಚ್ಚರಿಕೆ ಮೀರಿದಾಗ ನಾವು 'ತಿಳಿವಳಿಕೆ ಇಲ್ಲ' ಎನ್ನುತ್ತೇವೆ. ಹಲವು ಸಲ ಅವನಿಗೆ ಇಲ್ಲದ್ದು ತಿಳಿವಳಿಕೆಯಲ್ಲ, ಕಾಸು. ಜಾಗ್ರತೆಯ ಬೆಲೆಯನ್ನು ಸಮಾಜ ಹಂಚಿಕೊಳ್ಳದೆ ಜಾಗ್ರತೆಯನ್ನು ಮಾತ್ರ ಉಪದೇಶಿಸುವುದು ನ್ಯಾಯವೆಂದು ನನಗೆ ಕಾಣುವುದಿಲ್ಲ. ಉಪದೇಶ ನನ್ನ ವೃತ್ತಿಯಾದ್ದರಿಂದ ಇದನ್ನು ನನಗೂ ಸೇರಿಸಿಯೇ ಬರೆಯುತ್ತಿದ್ದೇನೆ.

"ಎಲ್ಲಾ ದೇವರ ಚಿತ್ತ, ಇವರೇನು ಹೇಳೋದು" ಎನ್ನುವವರು ನಮ್ಮಲ್ಲಿ ಇದ್ದಾರೆ. ಅವರಿಗೆ ಫಾದರ್ ಬೆನಿತೊ ವಿಞೆಸರ ಹೆಸರು ಹೇಳುತ್ತೇನೆ. ಯೇಸುಸಭೆಯ ಈ ಗುರು ಕ್ಯೂಬಾದ ಹವಾನಾದಲ್ಲಿ ಮೋಡಗಳ ಚಲನೆಯನ್ನು ವರ್ಷಗಟ್ಟಲೆ ಬರೆದಿಟ್ಟು, 1875ರ ಸೆಪ್ಟೆಂಬರ್ 11ರಂದು ಬರಲಿರುವ ಚಂಡಮಾರುತದ ಎಚ್ಚರಿಕೆಯನ್ನು ಪತ್ರಿಕೆಯಲ್ಲಿ ಪ್ರಕಟಿಸಿದರು. 1879ರಲ್ಲಿ ಮನಿಲಾದಲ್ಲಿ ಫಾದರ್ ಫೆದರಿಕೊ ಫೌರಾ ಅದೇ ಕೆಲಸ ಮಾಡಿದರು. ಅವರು ಬಲಿಪೂಜೆಯನ್ನೂ ಅರ್ಪಿಸುತ್ತಿದ್ದರು, ವಾಯುಭಾರ ಮಾಪಕವನ್ನೂ ನೋಡುತ್ತಿದ್ದರು. ಅಕ್ವಿನಾಸರು ವಿವೇಕದ ಮುಖ್ಯ ಅಂಗ ಮುಂದಾಲೋಚನೆ ಎನ್ನುತ್ತಾರೆ. ಅದಕ್ಕೆ ಅವರು ಬಳಸುವ ಲತೀನ್ ಪದವೂ ದೇವರ ಪರಿಪಾಲನೆಗೆ ಬಳಸುವ ಪದವೂ ಒಂದೇ.

ನಾಳೆಯ ಮಳೆಯಲ್ಲದೆ ಮೂವತ್ತು ವರ್ಷಗಳಾಚೆಯ ಮಳೆಯನ್ನು ಲೆಕ್ಕ ಹಾಕುವವರೂ ಇದ್ದಾರೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ, 2001ರಿಂದ 2019ರ ಅವಧಿಯಲ್ಲಿ ಅಲ್ಲಿಯ ಚಂಡಮಾರುತಗಳು ಅದರ ಹಿಂದಿನ ಎರಡು ದಶಕಗಳಿಗಿಂತ ಅರ್ಧದಷ್ಟು ಹೆಚ್ಚಾದವು ಎಂದು ಪುಣೆಯ ವಿಜ್ಞಾನಿಗಳು ತೋರಿಸಿದ್ದಾರೆ. ತಾಪ ಏರುತ್ತದೆ, ಮಳೆ ಬಂದಾಗ ಜೋರಾಗಿ ಬರುತ್ತದೆ ಎಂಬುದರಲ್ಲಿ ಮಾದರಿಗಳು ಬಹುಮಟ್ಟಿಗೆ ಒಂದಾಗಿವೆ. ಒಂದು ತಾಲ್ಲೂಕಿನ ವರ್ಷದ ಮಳೆ ಎಷ್ಟೆಂದು ಕೇಳಿದರೆ ಒಂದೊಂದು ಒಂದೊಂದು ಹೇಳುತ್ತದೆ. ಬರದ ನಾಡಾದ ವಿಜಯಪುರದಲ್ಲಿ 1930ರ ದಶಕದಲ್ಲೇ ಒಣಬೇಸಾಯದ ಸಂಶೋಧನಾ ಕೇಂದ್ರ ಶುರುವಾಗಿತ್ತು. ಇಲ್ಲಿಯ ಜನಕ್ಕೆ ಅನಿಶ್ಚಯ ಹೊಸದಲ್ಲ. ಆದರೆ ಜೋಳ ಬಿತ್ತಿದವನು ಮುಂದಿನ ವರ್ಷ ಬೇರೆ ಬಿತ್ತಬಹುದು. ದ್ರಾಕ್ಷಿ ನೆಟ್ಟವನು ಸಾಲ ಮಾಡಿ ಹತ್ತಾರು ವರ್ಷಕ್ಕೆ ಕಟ್ಟುಬಿದ್ದಿರುತ್ತಾನೆ. ಅವನಿಗೆ ತಿಳಿದಷ್ಟನ್ನು ತಿಳಿದಷ್ಟೇ ಎಂದು ಹೇಳುವ ಸಾಲವೂ ಬಲ್ಲವರ ಮೇಲಿದೆ.

ಈಸ್ಟರ್ ಕಳೆದು ಒಂದು ವಾರಕ್ಕೆ ಆ ಬೆಳೆಗಾರರು ಮತ್ತೆ ಸಿಕ್ಕಿದರು. ನಾನು ಈ ಲೆಕ್ಕವನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹಂಗಂದ್ರ ಅವರು ಸುಳ್ಳ ಹೇಳಿಲ್ಲ, ಪೂರಾನೂ ಹೇಳಿಲ್ಲ. ಆತು ಬಿಡ್ರಿ. ಹತ್ತರಾಗ ಎಷ್ಟು ಅಂತ ಕೇಳೂದಕ್ಕ ಯಾವ ನಂಬರಿಗೆ ಫೋನ್ ಹಚ್ಚಬೇಕ್ರಿ?" ಬೆಂಗಳೂರಿನ ವಿಕೋಪ ಉಸ್ತುವಾರಿ ಕೇಂದ್ರದವರ 'ವರುಣ ಮಿತ್ರ' ಎಂಬ ಸಹಾಯವಾಣಿ ಇದೆ ಎಂದೆ. ಅವರು ಹೆಸರನ್ನು ಮಗನ ಕೈಯಲ್ಲಿ ಬರೆಸಿಕೊಂಡರು. ಹೋಗುವಾಗ ಬಾಗಿಲ ಬಳಿ ನಿಂತು ಪಶ್ಚಿಮದ ಕಡೆ ನೋಡಿದರು. ನಾನೂ ನೋಡಿದೆ. ಮೋಡ ಇತ್ತು.