ಉದ್ಯೋಗದ ಅರ್ಜಿಯೂ ನುಡಿಯ ಶುದ್ಧಿಯೂ

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳಿಂದಲೂ, ಕೃಷ್ಣರಾಜನಗರದ ಗದ್ದೆಬಯಲಿನಿಂದಲೂ, ಹೆಗ್ಗಡದೇವನಕೋಟೆಯ ಕಾಡಂಚಿನಿಂದಲೂ ಓದಿ ಬಂದ ತರುಣರಿಗೆ ಉದ್ಯೋಗದ ಅರ್ಜಿ ಬರೆದುಕೊಡುವ ಯಂತ್ರವೊಂದು ಈಗ ಕೈಗೆಟುಕಿದೆ. 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿಯೂ ಅಂಥದೇ. ಇದರ ನೆರವು ಪಡೆಯುವುದು ಧರ್ಮವೋ, ಅಧರ್ಮವೋ?

ರೈತನ ಮಗನ ಇಂಗ್ಲಿಷನ್ನು ತಿದ್ದಿಕೊಡುವುದು ಹಿಂದೆ ಊರಿನ ಮೇಷ್ಟರು ಮಾಡುತ್ತಿದ್ದ ಉಪಕಾರವೇ ಸರಿ, ಅದರಲ್ಲಿ ದೋಷವಿಲ್ಲ. ಆದರೆ ಯಂತ್ರವು ಸತ್ಯವನ್ನರಿತು ನುಡಿಯುವುದಲ್ಲ. ಪದದ ಮುಂದೆ ಯಾವ ಪದ ಹೊಂದೀತೆಂದು ಎಣಿಸಿ ಪೋಣಿಸುವುದು. ಆದುದರಿಂದ ಮಾಡದ ಕೆಲಸವನ್ನೂ ಮಾಡಿದಂತೆ ಸೊಗಸಾಗಿ ಬರೆದೀತು. ಮೇಷ್ಟರಾದರೋ 'ಇದು ನಿಜವೇನಪ್ಪಾ?' ಎಂದು ಕೇಳುತ್ತಿದ್ದರು. ಆ ಪ್ರಶ್ನೆಯನ್ನು ಇನ್ನು ಅರ್ಜಿದಾರನೇ ಪ್ರತಿ ಸಾಲಿಗೂ ಕೇಳಿಕೊಳ್ಳಬೇಕು. ಕೆಳಗಿನ ರುಜು ಅವನದು; ಸಂದರ್ಶನದಲ್ಲಿ ಉತ್ತರಿಸುವ ನಾಲಗೆಯೂ ಅವನದೇ. ಸುಳ್ಳಿನಿಂದ ದೊರೆತ ಹುದ್ದೆಯು ಮತ್ತೊಬ್ಬ ಬಡವನ ಅನ್ನ. ಕಾಯಕವು ಸತ್ಯಶುದ್ಧವಾಗಬೇಕಾದರೆ ಅದನ್ನು ಬೇಡುವ ಮಾತೂ ಸತ್ಯಶುದ್ಧವಾಗಿರಬೇಕಲ್ಲವೆ?